ಅತ್ತೆಯ ಬಲಭುಜ

ಅತ್ತೆ ಸಕ್ಕರೆ ಡಬ್ಬಿಯನ್ನು ಎಡಗೈಯಲ್ಲಿ ಇಳಿಸಿಕೊಂಡದ್ದು ಸೊಸೆಯ ಕಣ್ಣಿಗೆ ಬಿತ್ತು. ಮಾರನೆಯ ದಿನ ತಲೆ ಬಾಚಿಕೊಳ್ಳುವಾಗ ಅತ್ತೆ ಬಾಚಣಿಗೆಯನ್ನು ತಲೆಗೆ ಒಯ್ಯುವ ಬದಲು ತಲೆಯನ್ನೇ ಬಾಚಣಿಗೆಯ ಹತ್ತಿರ ತಂದರು. ಆಸ್ಪತ್ರೆಯಲ್ಲಿ ಕುತ್ತಿಗೆ, ಸೊಂಟ, ಮಂಡಿ ಎಂದು ನರಳುತ್ತ ಬಂದವರ ಕೈಕಾಲು ಆಡಿಸುವುದೇ ಕಸುಬಾಗಿದ್ದವಳಿಗೆ ಇಷ್ಟು ಸಾಕಾಗಿತ್ತು. ಫಿಸಿಯೋಥೆರಪಿ ಕಲಿತ ಸೊಸೆ ಇರುವ ಮನೆಯಲ್ಲಿ ಭುಜದ ನೋವು ಬಚ್ಚಿಡುವುದೆಂದರೆ ಪೊಲೀಸ್ ಠಾಣೆಯಲ್ಲಿ ಕದ್ದ ಮಾಲು ಬಚ್ಚಿಟ್ಟ ಹಾಗೆ.

"ಅತ್ತೆ, ಬಲಗೈಗೆ ಏನಾಯ್ತು?"

"ಏನೂ ಇಲ್ಲ ಕಣೇ. ಮಲಗಿದ್ದು ಸರಿ ಹೋಗಿಲ್ಲ ಅನ್ಸುತ್ತೆ."

"ಎಷ್ಟು ದಿನದಿಂದ ಸರಿ ಹೋಗಿಲ್ಲ?"

ಅತ್ತೆ ಟೀ ಸೋಸಿದರು. ಅದನ್ನೂ ಎಡಗೈಯಲ್ಲೇ ಸೋಸಿ, ಅರ್ಧ ಟೀಯನ್ನು ಕಟ್ಟೆಗೆ ಕುಡಿಸಿದರು.

ಅತ್ತೆಯದು ಹಲ್ಲಿನ ಸೆಟ್ಟು ಮಾಡುವ ಕೆಲಸ. ಹಲ್ಲಿನ ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಿದ್ದರು. ಅದಕ್ಕೆ ಪ್ಲಾಸ್ಟರ್ ಎರೆದು ಅಚ್ಚು ಮಾಡಿ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಮೇಣದ ಜಾಗಕ್ಕೆ ವಸಡಿನ ಬಣ್ಣದ ಪ್ಲಾಸ್ಟಿಕ್ ತುಂಬಿ, ಉಜ್ಜಿ ಹೊಳಪು ಕೊಟ್ಟು ಡಾಕ್ಟರಿಗೆ ಮುಟ್ಟಿಸುವುದು ಅತ್ತೆಯ ಪಾಲು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಮಾವ ತೀರಿಕೊಂಡ ಮೇಲೆ ಮಗನನ್ನು ಓದಿಸಿದ್ದೂ ಈ ಕೋಣೆಯೇ. "ಹಲ್ಲು ಕಚ್ಚಿಕೊಂಡು ಸಂಸಾರ ಮಾಡ್ದೆ" ಎಂದು ಹೇಳಿ, "ಯಾರ ಹಲ್ಲು ಅಂತ ಕೇಳ್ಬೇಡಿ" ಎಂದು ತಾವೇ ಸೇರಿಸಿ ನಗುವುದು ಅವರ ರೂಢಿ.

ಆ ಸಂಜೆ ಸೊಸೆ ಅತ್ತೆಯ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಬೆರಳುಗಳ ಬುಡದಲ್ಲಿ ಸಾಲಾಗಿ ಜಡ್ಡುಗಟ್ಟಿತ್ತು. ಮೇಣ ತೀಡುವ ಕೈಯಲ್ಲಿ ಇಂಥ ಜಡ್ಡು ಎಲ್ಲಿಂದ ಬರಬೇಕು?

"ಇದು ಯಾವ ಹಲ್ಲಿನ ಕೆಲಸ ಅತ್ತೆ?"

ಅತ್ತೆ ಬಾಗಿಲ ಕಡೆ ನೋಡಿ, ಮಗ ಇನ್ನೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡರು.

"ಭಾರ ಎತ್ತಿದೆ."

"ಏನು ಭಾರ? ಸಿಲಿಂಡರಾ?"

"ಅದನ್ಯಾಕೆ ಎತ್ಲಿ? ಅದಕ್ಕೆ ಸಿಲಿಂಡರಿನವನಿದ್ದಾನೆ. ಕಬ್ಬಿಣ. ಜಿಮ್ಮಲ್ಲಿ. ಉದ್ದ ರಾಡು, ಎರಡು ಕಡೆ ಚಕ್ರ. ತಲೆ ಮೇಲೆ ಎತ್ತೋವಾಗ ರಾಡು ಮುಂದಕ್ಕೆ ಜಾರ್ತು, ನಾನು ಬಿಡ್ಲಿಲ್ಲ, ಭುಜದಲ್ಲಿ ಚಳುಕ್ ಅಂತು." ಆಮೇಲೆ ದನಿ ತಗ್ಗಿಸಿದರು. "ನಿನ್ನ ಗಂಡನಿಗೆ ಹೇಳ್ಬೇಡ ತಾಯಿ."

ಗಂಡ ನೀರು ಸರಬರಾಜು ಇಲಾಖೆಯಲ್ಲಿ ಪೈಪು ಸೋರುವ ಜಾಗ ಹುಡುಕುವವನು. ದಿನವಿಡೀ ಎಲ್ಲಿ ಏನು ಒಡೆದೀತು ಎಂದೇ ಯೋಚಿಸಿ ಅಭ್ಯಾಸವಾಗಿ, ತಾಯಿ ಸ್ಟೂಲು ಹತ್ತಿದರೂ ಎದೆ ಹಿಡಿದುಕೊಳ್ಳುವ ಜೀವ. ಸೊಸೆ ಅವನಿಗೆ "ಅತ್ತೆಗೆ ಭುಜ ಹಿಡ್ಕೊಂಡಿದೆ" ಎಂದಷ್ಟೇ ಹೇಳಿದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಕೈಯನ್ನು ಪಕ್ಕದಿಂದ ಮೇಲೆತ್ತಲು ಹೇಳಿದಾಗ ಅತ್ತೆಯ ಕೈ ಅರ್ಧ ದಾರಿ ಸಲೀಸಾಗಿ ಬಂತು. ಭುಜದ ಮಟ್ಟ ತಲುಪುತ್ತಲೇ ಹುಬ್ಬು ಗಂಟಿಕ್ಕಿತು. ಇನ್ನೂ ಮೇಲೆ ಹೋದ ಮೇಲೆ ಗಂಟು ತಾನಾಗಿ ಸಡಿಲವಾಯಿತು. ಅವಳೇ ಕೈ ಹಿಡಿದು ಮೆಲ್ಲಗೆ ಎತ್ತಿದರೆ ಕೀಲು ಎಲ್ಲೂ ತಡೆಯಲಿಲ್ಲ. ಅವಳಿಗೆ ಅಂದಾಜು ಸಿಕ್ಕಿತು. ಆದರೂ ಮನೆಯವರಿಗೆ ತಾನೇ ತೀರ್ಪು ಕೊಡಬಾರದೆಂದು ಮೂಳೆ ಡಾಕ್ಟರಲ್ಲಿಗೆ ಕರೆದೊಯ್ದಳು. ಅವರು ಸ್ಕ್ಯಾನ್ ಮಾಡಿಸಿ, ತೋಳಿನ ಗುಂಡನ್ನು ಅದರ ಗುಳಿಯಲ್ಲಿ ಹಿಡಿದಿಡುವ ಸ್ನಾಯುಗಳಲ್ಲಿ ಒಂದರ ತುದಿ ಊದಿದೆ, ಒಂದೆರಡು ಎಳೆ ಬಿಟ್ಟಿದೆ, ಹರಿದಿಲ್ಲ, ಆಪರೇಷನ್ ಬೇಡ ಎಂದರು. ಭಾರವೇನಾದರೂ ಎತ್ತಿದಿರಾ ಎಂದು ಕೇಳಿದರು. ಅತ್ತೆ ಎಷ್ಟು ಕಿಲೋ ಎಂದು ಹೇಳಿದಾಗ ಅವರ ಪೆನ್ನು ಅಲ್ಲೇ ನಿಂತಿತು. "ನನ್ನ ಕೈಲಾಗಲ್ಲ ಅಷ್ಟು" ಎಂದರು.

ಚಿಕಿತ್ಸೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಶುರುವಾಯಿತು. ಮೇಜಿಗೆ ಎಡಗೈ ಊರಿ, ಬಗ್ಗಿ, ಬಲಗೈಯನ್ನು ಗಂಟೆಯ ನಾಲಿಗೆಯಂತೆ ತೂಗಾಡಿಸುವುದು. ಗೋಡೆಗೆ ಅಂಗೈ ಒತ್ತಿ, ಗೋಡೆಯೂ ಅಲುಗದೆ ಕೈಯೂ ಅಲುಗದೆ ನಿಲ್ಲುವುದು. ಆಮೇಲೆ ಮೊಣಕೈ ಮತ್ತು ಪಕ್ಕೆಯ ನಡುವೆ ಟವೆಲು ಸಿಕ್ಕಿಸಿಕೊಂಡು, ಬಾಗಿಲ ಚಿಲಕಕ್ಕೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು.

"ಇದೇನೇ ಇದು, ಮಕ್ಕಳಾಟ! ನಾನು ಎತ್ತಿದ್ದು ಕಬ್ಬಿಣ."

"ಆ ಕಬ್ಬಿಣವೇ ನಿಮ್ಮನ್ನ ಇಲ್ಲಿಗೆ ತಂದಿದ್ದು. ಎಳೀರಿ."

ಭುಜ ಮಾತು ಕೇಳಿತು. ಬಾಚಣಿಗೆ ತಲೆಗೆ ಹೋಯಿತು, ಸಕ್ಕರೆ ಡಬ್ಬಿ ಬಲಗೈಗೆ ಬಂತು, ಬಲ ಮಗ್ಗುಲಲ್ಲಿ ನಿದ್ದೆಯೂ ಬಂತು. ಆಮೇಲೆ ಸುಧಾರಣೆ, ಗಾಡಿ ಕೆಸರಿನಲ್ಲಿ ಹೂತಂತೆ, ನಿಂತುಬಿಟ್ಟಿತು. ಕೈ ನೇರ ತಲೆಯ ಮೇಲೆ ಹೋಗುವಾಗ ಅದೇ ಜಾಗದಲ್ಲಿ ಅದೇ ಹುಬ್ಬಿನ ಗಂಟು. ರಬ್ಬರ್ ಪಟ್ಟಿ ಬದಲಾಯಿಸಿದಳು, ಐಸು ಬಿಟ್ಟು ಬಿಸಿ ಕೊಟ್ಟಳು. ಗಂಟು ಕದಲಲಿಲ್ಲ. ಊತ ಇಳಿದಿದೆ, ಬಲ ಬಂದಿದೆ, ಆದರೂ ನೋವು ಏಕೆ? ಆಸ್ಪತ್ರೆಯಲ್ಲಿ ಬೇರೆಯವರ ಮಂಡಿ ಬಗ್ಗಿಸುವಾಗಲೂ ಅವಳ ತಲೆಯಲ್ಲಿ ಅತ್ತೆಯ ಭುಜವೇ ತಿರುಗುತ್ತಿತ್ತು.

ಇನ್ನೊಂದು ಪ್ರಶ್ನೆಯೂ ಒಳಗೊಳಗೇ ಕೊರೆಯುತ್ತಿತ್ತು. ಅತ್ತೆಗೆ ಈ ವಯಸ್ಸಿನಲ್ಲಿ ಕಬ್ಬಿಣದ ಹುಚ್ಚು ಎಲ್ಲಿಂದ ಹತ್ತಿತು? ಅವಳು ತಾನೇ ಒಂದು ಉತ್ತರ ಕಟ್ಟಿಕೊಂಡಿದ್ದಳು. ಮಾವ ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದರಂತೆ. ಅವರನ್ನು ಎತ್ತಿ ಕೂರಿಸಲಾಗದೆ ಅತ್ತೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದರಂತೆ. ಆ ಕೊರಗೇ ಇರಬೇಕು, ಪಾಪ ಎಂದುಕೊಂಡು ಅವಳು ಅತ್ತೆಯನ್ನು ಒಂದಿಷ್ಟು ಮೆತ್ತಗೆ ಮಾತಾಡಿಸುತ್ತಿದ್ದಳು.

ಕೊನೆಗೆ ಒಂದು ದಿನ ರಜೆ ಹಾಕಿ, ಅತ್ತೆ ಹೇಗೆ ಎತ್ತುತ್ತಾರೆಂದು ಕಣ್ಣಾರೆ ನೋಡಲು ಜಿಮ್ಮಿಗೇ ಹೊರಟಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ನೆತ್ತಿಯ ಮೇಲೆಯೇ ಜಿಮ್ಮು. ಮೆಟ್ಟಿಲು ಹತ್ತುತ್ತ ಅವಳು ಮೆಲ್ಲಗೆ ಕೇಳಿದಳು:

"ಅತ್ತೆ, ಮಾವನ್ನ ಎತ್ತಕ್ಕಾಗ್ತಿರ್ಲಿಲ್ಲ ಅಂತ ನಿಮಗೆ ಮನಸ್ಸಲ್ಲಿ..."

ಅತ್ತೆ ಮೆಟ್ಟಿಲ ಮೇಲೆ ನಿಂತರು. "ಏನು?"

"ಅದಕ್ಕೇ ಭಾರ ಎತ್ತೋದು ಶುರು ಮಾಡಿದ್ರಾ ಅಂತ."

"ಅಯ್ಯೋ ನಿನ್ನ! ಎಲ್ಲಿಂದ ಎಲ್ಲಿಗೆ ಗಂಟು ಹಾಕ್ತೀಯೇ!" ಅತ್ತೆ ಮೆಟ್ಟಿಲ ಕಂಬಿ ಹಿಡಿದುಕೊಂಡು ನಕ್ಕರು. "ಆ ಮನುಷ್ಯನ್ನ ಎಬ್ಬಿಸಕ್ಕೆ ನಾಲ್ಕು ಜನ ಬೇಕಿತ್ತು, ಅದಕ್ಕೆ ನನಗ್ಯಾಕೆ ಕೊರಗು? ಸೆಟ್ಟು ಕೊಡಕ್ಕೆ ಡಾಕ್ಟರ ಹತ್ರ ಬಂದಾಗೆಲ್ಲ ಮೇಲೆ ಧಡ್ ಅಂತ ಸದ್ದು. ಸೂರಿಂದ ಸುಣ್ಣ ಉದುರೋದು. ಡಾಕ್ಟರು ಬೈಕೊಳ್ಳೋರು. ನನಗೆ ಮಾತ್ರ, ಏನಪ್ಪ ಬೀಳೋದು ಅಲ್ಲಿ ಅಂತ ತಡೀಲಿಲ್ಲ. ಒಂದಿನ ಹತ್ತಿ ನೋಡ್ದೆ. ರಾಡು ನೆಲದ ಮೇಲೆ ಬಿದ್ದಿತ್ತು. ಇದು ನನ್ನ ಕೈಲಿ ಏಳುತ್ತಾ ಅಂತ ಅನ್ನಿಸ್ತು. ಜೀವಮಾನ ಪೂರ್ತಿ ಉಫ್ ಅಂದ್ರೆ ಹಾರೋವಂಥ ವಸ್ತು ಹಿಡಿದ ಕೈ ಕಣೇ ಇದು. ಎತ್ತಿ ನೋಡ್ದೆ. ಎದ್ದುಬಿಡ್ತು!"

ಸೊಸೆ ಅಷ್ಟು ದಿನ ತೋರಿಸಿದ ಕನಿಕರವೆಲ್ಲ ನೀರಿನಲ್ಲಿ ಹೋಮವಾಗಿ, ಅವಳೂ ನಕ್ಕಳು.

ಜಿಮ್ಮಿನ ಕೋಚ್ ಕಡ್ಡಿಯಂಥ ಮನುಷ್ಯ. ಅತ್ತೆಯನ್ನು ಕಂಡೊಡನೆ ಗಂಟಲು ಸರಿಮಾಡಿಕೊಂಡ. "ನಾನು ಬೇಡ ಅಂದಿದ್ದೆ ಮೇಡಂ. ಅಮ್ಮ ಕೇಳ್ಲಿಲ್ಲ."

"ತಪ್ಪು ಯಾರದ್ದು ಅಂತ ನೋಡಕ್ಕೆ ಬಂದಿಲ್ಲ. ಒಂದು ಕೋಲು ಕೊಡಿ" ಎಂದಳು ಸೊಸೆ.

ಅತ್ತೆ ಕೋಲನ್ನು ಎದೆಯ ಮೇಲಿಂದ ತಲೆಯ ಮೇಲಕ್ಕೆತ್ತಿದರು. ಸೊಸೆ ಪಕ್ಕದಿಂದ ನೋಡಿದಳು. ಕೋಲು ತಲೆಯ ಮೇಲೆ ಬರಲೇ ಇಲ್ಲ, ಹಣೆಯ ಮುಂದೆ ನಿಂತಿತು. ಹಿಂದಕ್ಕೆ ತನ್ನಿ ಎಂದರೆ ಹುಬ್ಬು ಗಂಟಿಕ್ಕುತ್ತಿತ್ತು.

"ಮೊದ್ಲಿಂದ್ಲೂ ಹಾಗೇ" ಎಂದ ಕೋಚ್. "ಕಾಲು ಉಕ್ಕು, ಸೊಂಟ ಉಕ್ಕು. ಮೇಲೆ ಮಾತ್ರ ಎಲ್ಲೋ ಕಚ್ಕೊಳ್ಳುತ್ತೆ."

ಎಲ್ಲಿ ಕಚ್ಚಿಕೊಳ್ಳುತ್ತದೆ? ಕೀಲಿನಲ್ಲಂತೂ ಅಲ್ಲ, ಅದನ್ನು ಅವಳೇ ಆಡಿಸಿ ನೋಡಿದ್ದಳು.

ಮರುದಿನ ಅತ್ತೆ ಸೆಟ್ಟು ಮುಟ್ಟಿಸಲು ಹೋಗಿದ್ದಾಗ ಸೊಸೆ ಮುಂದಿನ ಕೋಣೆಗೆ ಹೋಗಿ ಅತ್ತೆಯ ಸ್ಟೂಲಿನ ಮೇಲೆ ಕೂತಳು. ಕೂತು ನೋಡಬೇಕೆನಿಸಿತು, ಅಷ್ಟೇ. ಮೇಜು ತೀರ ತಗ್ಗು. ಅದರ ಮೇಲೆ ಬಾಯಿಯಂತೆ ತೆರೆದು ಮುಚ್ಚುವ ಕಬ್ಬಿಣದ ಚೌಕಟ್ಟು, ಅದರಲ್ಲಿ ಯಾರದೋ ಅರ್ಧ ನಗು. ಮೇಣದಲ್ಲಿ ಕೂತ ಹಲ್ಲು ಸರಿಯಾಗಿ ಕಾಣಬೇಕಾದರೆ ಗಲ್ಲ ಮೇಜಿಗೆ ತಾಗುವಷ್ಟು ಬಗ್ಗಬೇಕು. ಅವಳೂ ಬಗ್ಗಿದಳು. ಬೆನ್ನು ಬಿಲ್ಲಾಯಿತು, ಎರಡೂ ಭುಜ ಮುಂದಕ್ಕೆ ಬಂದವು. ಹಾಗೆ ಬಗ್ಗಿಕೊಂಡೇ ಮೇಲಿನ ಹಲಗೆಯಲ್ಲಿದ್ದ ಪ್ಲಾಸ್ಟರ್ ಡಬ್ಬಿಗೆ ಕೈ ಚಾಚಿದಳು. ಕೈ ನಡುದಾರಿಯಲ್ಲಿ ನಿಂತಿತು. ಅವಳ ಕೈ! ನೋವಿಲ್ಲದ, ಗಟ್ಟಿಮುಟ್ಟಾದ ಕೈ. ಬೆನ್ನು ನೆಟ್ಟಗೆ ಮಾಡಿ ಚಾಚಿದಳು, ಸಲೀಸಾಗಿ ಹೋಯಿತು. ಮತ್ತೆ ಬಗ್ಗಿ ಚಾಚಿದಳು, ಸಿಕ್ಕಿಕೊಂಡಿತು. ನಾಲ್ಕಾರು ಸಲ ಹಾಗೇ ಮಾಡಿ ನೋಡಿದಳು, ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ.

ಇದೇನು ಗೊತ್ತಿಲ್ಲದ್ದೇ? ಬೆನ್ನು ಬಾಗಿದರೆ ಭುಜದ ಹಿಂದಿನ ರೆಕ್ಕೆಮೂಳೆ ತಿರುಗುವುದಿಲ್ಲ, ಅದು ತಿರುಗದಿದ್ದರೆ ತೋಳಿಗೆ ಜಾಗ ಸಾಲದೆ ಸ್ನಾಯು ನಡುವೆ ನಲುಗುತ್ತದೆ. ಪುಸ್ತಕದಲ್ಲಿ ಓದಿದ್ದಳು, ಕಂಪ್ಯೂಟರ್ ಮುಂದೆ ಕೂರುವವರಿಗೆಲ್ಲ ಅರೆದು ಕುಡಿಸಿದ್ದಳು. ದೀಪದ ಬುಡದಲ್ಲೇ ಕತ್ತಲು. ಅತ್ತೆ ಈ ಮೇಜಿಗೆ ಬಗ್ಗಿ ಬಗ್ಗಿ ಬೆನ್ನಿನ ಮೇಲ್ಭಾಗ ಗಟ್ಟಿಯಾಗಿ ಕೂತಿತ್ತು. ಆ ಬೆನ್ನು ಕೊಡಬೇಕಾದ ಜಾಗವನ್ನೆಲ್ಲ ಭುಜದಿಂದ ವಸೂಲು ಮಾಡುತ್ತಿದ್ದರು.

ಅತ್ತೆ ಬಂದಾಗ ಚಾಪೆಯ ಮೇಲೆ ಸುರುಳಿ ಸುತ್ತಿದ ಟವೆಲು ಕಾಯುತ್ತಿತ್ತು.

"ಇದರ ಮೇಲೆ ಬೆನ್ನು ಹಾಕಿ ಮಲಗಿ. ಇನ್ನು ಮೇಲೆ ಬೆನ್ನಿಗೆ ಚಿಕಿತ್ಸೆ."

"ಭುಜ ನೋವು ಅಂದ್ರೆ ಬೆನ್ನಿಗೆ ಮದ್ದಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ!"

"ಹೂಂ. ಈ ಸಲ ತಪ್ಪು ಎಮ್ಮೆದೇ ಅತ್ತೆ."

"ಎಮ್ಮೆ ಅಂದ್ಯಾ ನನ್ನ?"

"ನಿಮ್ಮ ಬೆನ್ನನ್ನ."

ಅತ್ತೆ ಮಲಗಿದರು. ಮೊದಲು ಬೆನ್ನು ಹಲಗೆಯಂತೆ ಟವೆಲಿನ ಮೇಲೆ ತೇಲುತ್ತಿತ್ತು. ಕೆಲವು ವಾರಗಳಲ್ಲಿ ಟವೆಲನ್ನು ಅಪ್ಪಿಕೊಳ್ಳತೊಡಗಿತು. ಬೆನ್ನನ್ನು ಗೋಡೆಗೊರಗಿಸಿ ಕೈಗಳನ್ನು ಮೇಲೆ ಜಾರಿಸುವುದು, ಕುರ್ಚಿಯ ಬೆನ್ನಿಗೆ ಒರಗಿ ಸೂರು ನೋಡುವುದು, ಇವೂ ಸೇರಿಕೊಂಡವು. ಸೊಸೆ ಮೇಜಿನ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದಳು. "ಹಲ್ಲೇ ನನ್ನ ಮುಖದ ಹತ್ರ ಬರುತ್ತಲ್ಲೇ, ಹೆದ್ರಿಕೆ ಆಗುತ್ತೆ" ಎಂದು ಅತ್ತೆ ಎರಡು ದಿನ ಗೊಣಗಿ ಒಗ್ಗಿಕೊಂಡರು.

ಗುಟ್ಟು ರಟ್ಟಾದದ್ದು ಒಂದು ಮಧ್ಯಾಹ್ನ. ಗಂಡ ಬೇಗ ಮನೆಗೆ ಬಂದ. ತಾಯಿ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಕೈಯಲ್ಲಿದ್ದ ಪೊರಕೆಯ ಕೋಲು ತಲೆಯಾಚೆಗೆ ಚಾಚಿತ್ತು, ಹೆಂಡತಿ ಪಕ್ಕದಲ್ಲಿ ಕೂತು, "ಇನ್ನೆರಡು ವಾರ, ಆಮೇಲೆ ಖಾಲಿ ರಾಡು ಎತ್ತಬಹುದು" ಎನ್ನುತ್ತಿದ್ದಳು.

"ಯಾವ ರಾಡು?"

ಅತ್ತೆ ಮಲಗಿದಲ್ಲಿಂದಲೇ ಎಲ್ಲ ಹೇಳಿದರು. ಅವನ ಮುಖ ಕೆಂಪೇರಿತು.

"ಹಲ್ಲಿನ ಕೆಲಸ ಸಾಲದು ಅಂತ ಇದು ಬೇರೆ ಬೇಕಿತ್ತಾ ಅಮ್ಮ? ನಿನಗೂ ಗೊತ್ತಿತ್ತು, ನನಗೆ ಹೇಳ್ಲಿಲ್ಲ" ಎಂದು ಹೆಂಡತಿಯ ಕಡೆ ತಿರುಗಿದ. "ಏನಾದ್ರೂ ಮುರಿದಿದ್ರೆ?"

"ರೀ, ಹೇಳ್ಬೇಕಿತ್ತು. ತಪ್ಪಾಯ್ತು" ಎಂದಳು ಸೊಸೆ. "ಆದ್ರೆ ಅವರಿಗೆ ಎತ್ತೋದು ಬೇಡ ಅಂತ ಮಾತ್ರ ಹೇಳ್ಬೇಡಿ. ನಿಲ್ಲಿಸಿದ್ರೆ ಬೆನ್ನು ಮತ್ತೆ ಬಿಲ್ಲಾಗುತ್ತೆ."

ಅವನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ. ಮೂರನೆಯ ದಿನ, "ಎತ್ತೋ ದಿನ ನಾನೂ ಬರ್ತೀನಿ. ಬಿದ್ರೆ ಹಿಡಿಯಕ್ಕೆ ಒಬ್ರು ಬೇಕಲ್ಲ" ಎಂದ.

ಆ ದಿನ ಜಿಮ್ಮಿನಲ್ಲಿ ಅವನು ಎರಡೂ ಕೈ ಚಾಚಿಕೊಂಡು ತಾಯಿಯ ಹಿಂದೆ ನಿಂತ. ಕೋಚ್ ಅವನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದ. ಅತ್ತೆ ಖಾಲಿ ರಾಡನ್ನು ಎದೆಗೆ ತಂದರು, ಉಸಿರು ಬಿಗಿಹಿಡಿದರು, ಎತ್ತಿದರು. ಸೊಸೆ ರಾಡು ನೋಡಲಿಲ್ಲ, ಹುಬ್ಬು ನೋಡುತ್ತಿದ್ದಳು. ಹುಬ್ಬು ನುಣ್ಣಗಿತ್ತು. ರಾಡು ಹಣೆಯನ್ನು ದಾಟಿ ನೆತ್ತಿಯ ನೇರಕ್ಕೆ ಬಂದು ನಿಂತಿತು.

ಕೋಚ್ ಎರಡು ಪುಟ್ಟ ಚಕ್ರ ಸೇರಿಸಿದ. ಅದೂ ಹೋಯಿತು. ಎರಡನೆಯ ಜೊತೆ ಚಕ್ರಕ್ಕೆ ಅತ್ತೆ ಕೈ ಚಾಚಿದಾಗ ಸೊಸೆ ಅಡ್ಡ ಬಂದಳು. ಮೊದಲಿನ ಭಾರ ಈ ವರ್ಷವಂತೂ ಇಲ್ಲ, ಮುಂದೆಯೂ ಬರುತ್ತದೆಂದು ಭರವಸೆಯಿಲ್ಲ ಎಂದು ಮುಖಕ್ಕೇ ಹೇಳಿದಳು. ಅತ್ತೆ ಮುಖ ಸಣ್ಣ ಮಾಡಿಕೊಂಡರು. ಆಮೇಲೆ, "ಆಯ್ತು, ನೆಲದಿಂದ ಸೊಂಟದವರೆಗೆ ಎತ್ತಬಹುದಲ್ಲ? ಅದಕ್ಕೆ ಭುಜದ ಅಪ್ಪಣೆ ಬೇಕಾಗಿಲ್ಲ" ಎಂದು ಚೌಕಾಸಿಗಿಳಿದರು. ಅದಕ್ಕೆ ಸೊಸೆ ಒಪ್ಪಿದಳು.

ಮನೆಗೆ ನಡೆದು ಬರುವಾಗ ಮಗ ಕೇಳಿದ:

"ಅಮ್ಮ, ಎತ್ತುವಾಗ ಹೇಗಿರುತ್ತೆ?"

ಅತ್ತೆ ಯೋಚಿಸಿದರು. "ಮೊದ್ಲು ಕಬ್ಬಿಣ ಬರಲ್ಲ ಅನ್ನುತ್ತೆ. ಆಮೇಲೆ ಒಂಚೂರು ಯೋಚನೆ ಮಾಡುತ್ತೆ. ಆಮೇಲೆ ಬರುತ್ತೆ."

"ಯೋಚನೆ ಮಾಡುತ್ತಾ? ಅದು ನಿಮಗೆ ಗೊತ್ತಾಗುತ್ತಾ? ಕೈಯಲ್ಲೋ, ಕಾಲಲ್ಲೋ?"

"ಕಾಲಲ್ಲಿ ಕಣೋ. ನೋಡು, ಹೀಗೆ ನಿಂತ್ಕೊಂಡು..." ಎಂದು ಅತ್ತೆ ರಸ್ತೆಯ ಅಂಚಿನಲ್ಲೇ ಕಾಲು ಅಗಲಿಸಿ ನಿಂತು ಎರಡೂ ಕೈ ತಲೆಯ ಮೇಲೆ ಎತ್ತಿ ತೋರಿಸಿದರು.

ಹಿಂದಿನಿಂದ ಬಂದ ಬಸ್ಸಿನವನು ತನಗೇ ಕೈ ಮಾಡಿದರೆಂದು ಗಕ್ಕನೆ ನಿಲ್ಲಿಸಿದ. ಅಷ್ಟು ಮರ್ಯಾದೆಯಿಂದ ನಿಲ್ಲಿಸಿದ ಮೇಲೆ ಹತ್ತದೆ ಇದ್ದರೆ ಚೆನ್ನಾಗಿರುವುದಿಲ್ಲವೆಂದು ಮೂವರೂ ಹತ್ತಿದರು.