ಅಕ್ಕನ ಮೇಲ್ಮನವಿ

ನನ್ನ ಅಕ್ಕನ ಬೆರಳ ತುದಿಗಳು ಸದಾ ಕಪ್ಪಗಿರುತ್ತಿದ್ದವು. ಅಚ್ಚುಕೂಟದಲ್ಲಿ ದಿನವಿಡೀ ಸೀಸದ ಅಕ್ಷರದ ಮೊಳೆಗಳನ್ನು ಆರಿಸಿ ಸಾಲುಗಟ್ಟಿ ಜೋಡಿಸುವ ಕೆಲಸ ಅವಳದು. ಸೋಪು, ಸೀಗೆಪುಡಿ, ನಿಂಬೆಹೋಳು ಯಾವುದಕ್ಕೂ ಆ ಕಪ್ಪು ಜಗ್ಗುತ್ತಿರಲಿಲ್ಲ. ಹುಟ್ಟಿನಿಂದಲೇ ಕಿವಿ ಕೇಳದ ಅವಳು ಮಾತಾಡುತ್ತಿದ್ದುದೂ ಆ ಬೆರಳುಗಳಿಂದಲೇ. ಅವಳು ಖುಷಿಯಲ್ಲಿದ್ದಾಗ ಹತ್ತು ಕಪ್ಪು ಚುಕ್ಕೆಗಳು ಗಾಳಿಯಲ್ಲಿ ಹಾರಾಡಿದಂತೆ ಕಾಣುತ್ತಿತ್ತು.

ಅವಳ ಹೆಸರು ನಾಗವೇಣಿ. ನನಗಿಂತ ಆರು ವರ್ಷ ದೊಡ್ಡವಳು. ನನಗೆ ಮಾತು ಬಂದ ದಿನದಿಂದಲೂ ಅವಳ ಕೈಮಾತನ್ನು ಬಾಯಿಮಾತು ಮಾಡಿ ಹೇಳುವ ಕೆಲಸ ನನ್ನದಾಯಿತು. ಅಂಗಡಿಗೆ, ಆಸ್ಪತ್ರೆಗೆ, ಮದುವೆ ಮನೆಗೆ ನಾವಿಬ್ಬರೂ ಜೊತೆಯಲ್ಲೇ ಹೋಗುತ್ತಿದ್ದೆವು. ನೆಂಟರೆದುರು ಅಮ್ಮ, "ದೊಡ್ಡವಳ ಬಾಯಿ ಅಂದ್ರೆ ಚಿಕ್ಕವಳೇ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನಾನು ಒಂದು ಗೇಣು ಎತ್ತರವಾಗುತ್ತಿದ್ದೆ.

ಅಕ್ಕ ಕೇರಂ ಆಟದಲ್ಲಿ ಗಟ್ಟಿಗಿತ್ತಿ. ಕಿವಿ ಕೇಳದವರಿಗೆಂದು ದೂರದ ನಗರದಲ್ಲಿ ನಡೆದ ಪಂದ್ಯಾವಳಿಯೊಂದಕ್ಕೆ ಅವಳ ಶಾಲೆಯ ಹಳೆಯ ಗೆಳತಿಯರು ಅವಳನ್ನು ಕರೆದುಕೊಂಡು ಹೋದರು. ನಾನು ಪಾಠ ಮಾಡುವ ಶಾಲೆಯಲ್ಲಿ ಪರೀಕ್ಷೆಯ ಕೆಲಸವಿದ್ದುದರಿಂದ ಅವಳು ನಾನಿಲ್ಲದೆ ಹೋದ ಮೊದಲ ಪ್ರಯಾಣ ಅದು. ಅಲ್ಲಿ ಅವಳನ್ನು ಸೋಲಿಸಿದವನು ನುವಾನ್. ಕಡಲಾಚೆಯ ದ್ವೀಪದವನು, ಅಲ್ಲಿನ ಬೇಕರಿಯೊಂದರಲ್ಲಿ ಬ್ರೆಡ್ಡು ಮಾಡುವವನು. ಅವನಿಗೂ ಕಿವಿ ಕೇಳದು. ಮಾರನೆಯ ದಿನ ಅಕ್ಕ ಅವನನ್ನು ಸೋಲಿಸಿದಳಂತೆ. ಊರಿಗೆ ಬಂದ ಹದಿನೈದು ದಿನಕ್ಕೆ ಅವನ ಮೊದಲ ಪತ್ರ ಬಂತು.

ಅದನ್ನು ಪತ್ರ ಎನ್ನಲು ನನಗೆ ಮನಸ್ಸಾಗಲಿಲ್ಲ. ಅವನಿಗೆ ಕನ್ನಡ ಬಾರದು, ಅಕ್ಕನಿಗೆ ಅವನ ಭಾಷೆಯ ಅಕ್ಷರ ಬಾರದು. ಹಾಳೆಯ ತುಂಬ ಬರೀ ಚಿತ್ರಗಳು. ಕೇರಂ ಬೋರ್ಡಿನ ಮೇಲೆ ಕಾಯಿ ಹೋದ ದಾರಿ, ಒಲೆಯಿಂದ ತೆಗೆದ ಬನ್ನು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಖಾಲಿಯಿದ್ದ ಒಂದು ಸೀಟು. ಅಕ್ಕನೂ ಚಿತ್ರಗಳಲ್ಲೇ ಉತ್ತರ ಕಳಿಸಿದಳು. ಎರಡು ವರ್ಷ ಹೀಗೇ ನಡೆದ ಮೇಲೆ ಒಂದು ಸಂಜೆ ಅಮ್ಮನನ್ನೂ ನನ್ನನ್ನೂ ಎದುರು ಕೂರಿಸಿಕೊಂಡು, ಅವನನ್ನೇ ಮದುವೆಯಾಗುತ್ತೇನೆ ಎಂದಳು.

ಅಮ್ಮ ಅತ್ತಳು, ಆಮೇಲೆ ವಕೀಲರ ಮನೆಗೆ ನಡೆದಳು. ವಕೀಲರು ಬಿಡಿಸಿ ಹೇಳಿದರು: "ನೋಡಿ ಅಮ್ಮಾ, ಮೂರು ದಾರಿ ಇದೆ. ನಿಮ್ಮ ಮಗಳು ಅಲ್ಲಿಗೆ ಹೋಗಬಹುದು. ಅವರು ಇಲ್ಲಿಗೆ ಬಂದು, ಮದುವೆಯಾಗಿ, ಇಲ್ಲೇ ಇರೋದಕ್ಕೆ ಅನುಮತಿ ಕೇಳಬಹುದು. ಇಲ್ಲಾ ಇಬ್ಬರೂ ಅವರವರ ದೇಶದಲ್ಲೇ ಇದ್ದು, ವರ್ಷಕ್ಕೊಂದು ಸಲ ಪ್ರವಾಸಿಗಳ ಹಾಗೆ ಬಂದು ಹೋಗಬಹುದು."

"ಮೂರನೇದು ಸಂಸಾರ ಅಲ್ಲ," ಎಂದಳು ಅಮ್ಮ. "ಮೊದಲನೇದೂ ಬೇಡ. ಅಲ್ಲಿ ಇವಳ ಬಾಯಿ ಯಾರು?"

ಅಕ್ಕನಿಗೆ ಅಚ್ಚುಕೂಟದ ಕೆಲಸ ಬಿಡಲು ಇಷ್ಟವಿರಲಿಲ್ಲ. ನುವಾನನನ್ನು ಕೇಳಿದ್ದಕ್ಕೆ ಅವನು ಒಂದು ಚಿತ್ರ ಕಳಿಸಿದ. ಒಂದು ಬೋಗುಣಿಯಲ್ಲಿ ಉಬ್ಬಿದ ಹಿಟ್ಟು. ಪಕ್ಕದಲ್ಲಿ ಇನ್ನೊಂದು ಬೋಗುಣಿ, ಅದರಲ್ಲೂ ಅಷ್ಟೇ ಉಬ್ಬಿದ ಹಿಟ್ಟು. "ಹಿಟ್ಟು ಯಾವ ಊರಲ್ಲಾದರೂ ಉಬ್ಬುತ್ತೆ ಅಂತಿದ್ದಾನೆ," ಎಂದು ಅಕ್ಕ ಕೈಯಾಡಿಸಿದಳು.

ಅವನು ಮೂರು ತಿಂಗಳ ಪ್ರವಾಸಿ ವೀಸಾದಲ್ಲಿ ಬಂದ. ಅವನಿಗೆ ಈ ಮೊದಲು ಮದುವೆಯಾಗಿಲ್ಲವೆಂಬ ಪ್ರಮಾಣಪತ್ರ, ಅದಕ್ಕೆ ಅವನ ದೇಶದ ಮೊಹರು, ಆ ಮೊಹರು ನಿಜವೆನ್ನುವ ಇನ್ನೊಂದು ಮೊಹರು, ಎಲ್ಲದರ ಅನುವಾದ, ಇಬ್ಬರ ವಿಳಾಸದ ದಾಖಲೆ. ನೋಂದಣಿ ಕಚೇರಿಯ ಹಲಗೆಯ ಮೇಲೆ ಮೂವತ್ತು ದಿನ ಅವರಿಬ್ಬರ ಹೆಸರು ತೂಗಿತು. ಯಾರೂ ತಕರಾರು ಮಾಡಲಿಲ್ಲ. ಅಮ್ಮ ರೇಷ್ಮೆ ಸೀರೆ ಉಟ್ಟು ಬಂದು ಸಾಕ್ಷಿ ಹಾಕಿದಳು. ರಿಜಿಸ್ಟರಿನಲ್ಲಿ ಅಕ್ಕನ ಸಹಿಯ ಪಕ್ಕ ಕಪ್ಪು ಬೆರಳಿನ ಗುರುತೊಂದು ತಾನಾಗಿಯೇ ಮೂಡಿತು.

ಮದುವೆಗಿಂತ ಕಷ್ಟದ್ದು ಅದರ ಮುಂದಿನ ಕೆಲಸ. ವಿದೇಶಿಯರ ಕಚೇರಿಯಲ್ಲಿ ವಾಸದ ಅನುಮತಿಗೆ ಅರ್ಜಿ ಹಾಕಿದೆವು. ಪುರಾವೆಗೆಂದು ಅಕ್ಕ ಆ ಚಿತ್ರಗಳ ಕಟ್ಟನ್ನೂ ಕಡತಕ್ಕೆ ಸೇರಿಸಿದ್ದಳು. ಕಚೇರಿಯವರು ನಕ್ಕಾರು, ಮಕ್ಕಳಾಟ ಎಂದಾರು ಅನ್ನಿಸಿತು ನನಗೆ. ಹೊರಡುವ ಮುಂಚೆ ಯಾರಿಗೂ ಹೇಳದೆ ಅದನ್ನು ತೆಗೆದು ನನ್ನ ಟ್ರಂಕಿನಲ್ಲಿಟ್ಟೆ.

ಅಧಿಕಾರಿಯ ಹೆಸರು ರುದ್ರಮೂರ್ತಿ. ಕೆಟ್ಟವರಲ್ಲ, ಆದರೆ ಮೋಸ ನೋಡಿ ನೋಡಿ ನಂಬಿಕೆ ಸವೆದುಹೋದ ಮನುಷ್ಯ. ಬರೀ ವೀಸಾ ಕಾಗದಕ್ಕಾಗಿಯೇ ಆದ ಹನ್ನೊಂದು ಮದುವೆಗಳನ್ನು ತಾನು ಪತ್ತೆಹಚ್ಚಿದ್ದೇನೆಂದು ಮೊದಲೇ ಹೇಳಿದರು. ಒಂದಿಷ್ಟು ಪ್ರಶ್ನೆಗಳಾದ ಮೇಲೆ ನನ್ನ ಕಡೆ ತಿರುಗಿ, "ಇವರಿಬ್ಬರೂ ಯಾವ ಭಾಷೇಲಿ ಮಾತಾಡ್ತಾರೆ?" ಎಂದು ಕೇಳಿದರು.

ಅಕ್ಕನ ಕಣ್ಣು ಆಗ ಮೇಜಿನ ಮೇಲಿದ್ದ ಅರ್ಜಿಯ ಮೇಲಿತ್ತು. ನಾನು ಅವಳನ್ನು ಕೇಳಲೇ ಇಲ್ಲ. "ಇಬ್ಬರ ಕೈಮಾತೂ ಬೇರೆ ಬೇರೆ ಸಾರ್. ಅವರ ಶಾಲೆಯಲ್ಲಿ ಕಲಿಸೋದೇ ಬೇರೆ. ಅದಕ್ಕೇನೂ ತೊಂದರೆ ಇಲ್ಲ, ನಾನಿದ್ದೀನಲ್ಲ," ಎಂದೆ.

"ಪತ್ರಗಿತ್ರ ಬರೆದುಕೊಂಡಿದ್ದಾರಾ?"

"ಪತ್ರ ಅಂತ ಏನಿಲ್ಲ ಸಾರ್."

ಅವರು ಎರಡು ಸಾಲು ಬರೆದುಕೊಂಡರು. ಚೆನ್ನಾಗಿ ಉತ್ತರ ಕೊಟ್ಟೆನೆಂದುಕೊಂಡು ನಾನು ಮನೆಗೆ ಬಂದೆ.

ವೀಸಾ ಮುಗಿಯಲು ಹತ್ತೊಂಬತ್ತು ದಿನವಿರುವಾಗ ಅರ್ಜಿ ತಿರಸ್ಕಾರವಾದ ಆದೇಶ ಬಂತು. ಅಕ್ಕ ಅದನ್ನು ಹಜಾರದ ನೆಲದ ಮೇಲೆ ಹರಡಿಕೊಂಡು ಓದಿದಳು. ದಂಪತಿಗಳ ನಡುವೆ ಸಮಾನ ಭಾಷೆಯಿಲ್ಲ, ಪತ್ರವ್ಯವಹಾರ ನಡೆದಿಲ್ಲ, ಮೂರನೆಯವರ ನೆರವಿಲ್ಲದೆ ಇವರು ಸಂಭಾಷಿಸಲಾರರೆಂದು ಅರ್ಜಿದಾರರ ಸಹೋದರಿಯೇ ಹೇಳಿಕೆ ನೀಡಿರುತ್ತಾರೆ. ಅವಳ ಕಪ್ಪು ಬೆರಳು 'ಸಹೋದರಿಯೇ' ಎಂಬ ಪದದ ಕೆಳಗೆ ಬಂದು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು.

ನಾನು ಎದ್ದುಹೋಗಿ ಟ್ರಂಕಿನಿಂದ ಚಿತ್ರಗಳ ಕಟ್ಟನ್ನು ತಂದು ಅವಳ ಮುಂದಿಟ್ಟೆ. ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಕಟ್ಟು ಬಿಚ್ಚಿ ಹಾಳೆಗಳನ್ನು ಎಣಿಸಿ, ಎಲ್ಲ ಇವೆಯೆಂದು ಖಾತ್ರಿ ಮಾಡಿಕೊಂಡು, ಚಪ್ಪಲಿ ಮೆಟ್ಟಿ ಅಚ್ಚುಕೂಟಕ್ಕೆ ಹೊರಟುಬಿಟ್ಟಳು.

ಮೂರು ದಿನ ಅವಳು ಅಲ್ಲಿ ತನ್ನ ಮೇಲ್ಮನವಿಯನ್ನು ತಾನೇ ಮೊಳೆ ಜೋಡಿಸಿ ಅಚ್ಚು ಹಾಕಿದಳು. ಒಂದೇ ಒಂದು ಪ್ರತಿ. ಪ್ರತಿ ಚಿತ್ರವನ್ನೂ ದಪ್ಪ ಹಾಳೆಗೆ ಅಂಟಿಸಿ ಕೆಳಗೆ ಅಚ್ಚಿನ ಸಾಲೊಂದನ್ನು ಕೂರಿಸಿದಳು. ಮುಚ್ಚಿದ ಕಿಟಕಿಯೆದುರು ಒಂದು ಚಹಾದ ಲೋಟವಿದ್ದ ಚಿತ್ರ ನನಗೆ ನೆನಪಿತ್ತು. ಏನೋ ಚಹಾ ಕುಡಿದಿದ್ದಾನೆ ಎಂದುಕೊಂಡಿದ್ದೆ. ಅದರ ಕೆಳಗೆ, 'ಅವರ ತಾಯಿ ತೀರಿಕೊಂಡ ವಾರದ ಪತ್ರ. ಲೋಟ ಅವರ ತಾಯಿಯದು' ಎಂದಿತ್ತು. ಕೊನೆಯ ಪುಟದಲ್ಲಿ ಹೀಗೆ ಬರೆದಿದ್ದಳು: 'ನನ್ನ ತಂಗಿ ಸುಳ್ಳು ಹೇಳಿಲ್ಲ. ಅವಳಿಗೆ ಗೊತ್ತಿರಲಿಲ್ಲ. ನಮ್ಮಿಬ್ಬರನ್ನು ಮಾತ್ರ ಕರೆದು ನೋಡಿ.'

ವೀಸಾ ಮುಗಿಯಲು ಐದು ದಿನವಿರುವಾಗ ಕಚೇರಿಯಿಂದ ಕರೆ ಬಂತು. ನಾನೂ ಹೋದೆ, ಆದರೆ ಬಾಗಿಲ ಬಳಿ ಅಕ್ಕ ಅಂಗೈ ಅಡ್ಡ ಹಿಡಿದಳು. "ನೀನು ಇಲ್ಲೇ ಕೂತಿರು." ಹುಟ್ಟಿದ ಮೇಲೆ ಅವಳು ನನ್ನನ್ನು ಹೊರಗೆ ನಿಲ್ಲಿಸಿದ್ದು ಅದೇ ಮೊದಲು. ಪಡಸಾಲೆಯ ಬೆಂಚಿನ ಮೇಲೆ ಕುಳಿತೆ. ಅಲ್ಲಿಂದ ಕಿಟಕಿಗಳ ಮೂಲಕ ಅಕ್ಕಪಕ್ಕದ ಎರಡು ಕೋಣೆಗಳೂ, ಅವುಗಳ ನಡುವಿನ ದೊಡ್ಡ ಗಾಜಿನ ಗೋಡೆಯೂ ಕಾಣುತ್ತಿದ್ದವು.

ರುದ್ರಮೂರ್ತಿಯವರು ನುವಾನನನ್ನು ಪಕ್ಕದ ಕೋಣೆಗೆ ಕಳಿಸಿ ಬಾಗಿಲು ಹಾಕಿಸಿದರು. ಬಾಗಿಲು ಹಾಕಿ ಏನು ಉಪಯೋಗವೆಂದು ಆಮೇಲೆ ಹೊಳೆದಿರಬೇಕು, ತಮಗೆ ತಾವೇ ತಲೆಯಾಡಿಸಿಕೊಂಡರು. ಒಂದು ಚೀಟಿ ಬರೆದು ಅಕ್ಕನ ಕೈಗೆ ಕೊಟ್ಟರು. ಅಕ್ಕ ಓದಿ, ಗಾಜಿನ ಕಡೆ ತಿರುಗಿ, ಕೈ ಎತ್ತಿದಳು.

ಆ ಕಪ್ಪು ತುದಿಗಳು ಹಾಗೆ ಓಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನನಗೆ ಅರ್ಥವಾದದ್ದು ಅಲ್ಲೊಂದು ಇಲ್ಲೊಂದು. ನಮ್ಮ ಮನೆಯ ಕೈಮಾತು ಸ್ವಲ್ಪ, ಅವನ ದ್ವೀಪದ್ದು ಸ್ವಲ್ಪ, ಉಳಿದದ್ದೆಲ್ಲ ಅವರಿಬ್ಬರೇ ಕಟ್ಟಿಕೊಂಡದ್ದು. ನುವಾನ್ ಒಂದು ಸಲ ಹುಬ್ಬೇರಿಸಿ ಏನೋ ಕೇಳಿದ, ಅವಳು ಉತ್ತರಿಸಿದಳು. ಅವನು ಆ ಕೋಣೆಯ ಕಪಾಟುಗಳನ್ನು ಎಣಿಸಿ, ಮೂರನೆಯದರಿಂದ ಕೆಂಪು ದಾರ ಕಟ್ಟಿದ ಕಡತ ತೆಗೆದು, ಧೂಳು ಕೊಡವಿ, ಬಾಗಿಲು ತೆರೆದು ಬಂದು ಅಧಿಕಾರಿಯ ಎಡಗೈ ಪಕ್ಕದಲ್ಲಿಟ್ಟು ಮರಳಿ ಹೋದ. ಚೀಟಿಯಲ್ಲಿದ್ದುದು ಅದೇ ಎಂದು ಆಮೇಲೆ ತಿಳಿಯಿತು. ಧೂಳು ಕೊಡವಿದ್ದೊಂದು ಮಾತ್ರ ಅವನದೇ.

ರುದ್ರಮೂರ್ತಿಯವರು ಎರಡನೆಯ ಚೀಟಿ ಬರೆದರು. ಅದನ್ನು ಓದಿ ಅಕ್ಕ ಕೈ ಎತ್ತಲಿಲ್ಲ. ಚೀಟಿಯನ್ನು ಮಗುಚಿ, ಅವರ ಪೆನ್ನನ್ನೇ ಎತ್ತಿಕೊಂಡು ಹಿಂಬದಿಯಲ್ಲಿ ಏನೋ ಬರೆದು ಅವರ ಮುಂದೆ ಸರಿಸಿದಳು. ಆ ಹೊತ್ತಿಗಾಗಲೇ ನುವಾನ್ ಬಾಗಿಲು ತಳ್ಳಿಕೊಂಡು ಬಂದುಬಿಟ್ಟಿದ್ದ. ಅಕ್ಕನ ಕುರ್ಚಿಯ ಪಕ್ಕ ನಿಂತು, ಜೇಬಿನಿಂದ ತನ್ನ ವಾಪಸು ಟಿಕೆಟ್ಟನ್ನು ತೆಗೆದು ಮೇಜಿನ ಮೇಲಿಟ್ಟು, ಅಧಿಕಾರಿಗೆ ಎರಡು ಬೆರಳು ತೋರಿಸಿದ. ಅವರಿಗೆ ತಿಳಿಯಲಿಲ್ಲ. ಅಕ್ಕ ಮತ್ತೆ ಪೆನ್ನು ಹಿಡಿದು ಒಂದು ಸಾಲು ಬರೆದಳು. ಅದನ್ನು ಓದಿದ ರುದ್ರಮೂರ್ತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಆಮೇಲೆ ಅವರೇ ಹೊರಗೆ ಬಂದು ಆ ಚೀಟಿಗಳನ್ನು ನನ್ನ ಕೈಗಿಟ್ಟರು. ಎರಡನೆಯದರಲ್ಲಿ, 'ಅರ್ಜಿ ಮತ್ತೆ ತಿರಸ್ಕಾರವಾಗಿದೆ, ನಾಳೆಯೇ ದೇಶ ಬಿಡಬೇಕೆಂದು ಅವರಿಗೆ ತಿಳಿಸಿ' ಎಂದಿತ್ತು. ಹಿಂಬದಿಯಲ್ಲಿ ಅಕ್ಕನ ದುಂಡಕ್ಷರ: 'ಇದು ಸುಳ್ಳಾದರೆ ನಾನು ಹೇಳುವುದಿಲ್ಲ. ನಿಜವಾದರೆ ನೀವೇ ಅವರ ಮುಖ ನೋಡಿ ಹೇಳಿ.' ಅದರ ಕೆಳಗೆ ಇನ್ನೊಂದು ಸಾಲು: 'ಎರಡು ಟಿಕೆಟ್ ಬೇಕಾಗುತ್ತದೆ, ನನ್ನ ಹೆಂಡತಿಯೂ ಬರುತ್ತಾಳೆ ಅನ್ನುತ್ತಿದ್ದಾರೆ.'

"ಅವರಿಗೆ ನಿಮ್ಮ ಅಕ್ಕ ಏನೂ ಹೇಳಲಿಲ್ಲ ಅಮ್ಮಾ," ಎಂದರು ರುದ್ರಮೂರ್ತಿ. ಅವರ ದನಿ ತಗ್ಗಿತ್ತು. "ಗಾಜಿನ ಆ ಕಡೆಯಿಂದ ಮುಖ ನೋಡಿದರು, ಅಷ್ಟೇ. ನಮ್ಮ ಮನೇಲಿ ಮೂವತ್ತು ವರ್ಷದಿಂದ ಇಬ್ಬರೂ ಕನ್ನಡದಲ್ಲೇ ಮಾತಾಡ್ತೀವಿ. ಇಷ್ಟು ಗೊತ್ತಾಗಲ್ಲ." ಎರಡನೆಯ ಚೀಟಿಯತ್ತ ಬೆರಳು ತೋರಿಸಿ, "ನಾನು ಆ ಚೀಟಿ ಬರೀಬಾರದಿತ್ತು. ನಿಮ್ಮ ಅಕ್ಕನಿಗೆ ಹೇಳಿ," ಎಂದರು.

"ನೀವೇ ಹೇಳಿ ಸಾರ್," ಎಂದೆ. "ಅವಳು ಓದ್ತಾಳೆ."

ಅವರು ಒಳಗೆ ಹೋಗಿ ಒಂದು ಹಾಳೆ ತೆಗೆದುಕೊಂಡರು. ನನಗೆ ಆ ಹೊತ್ತು ಅಳು ಬರಬೇಕಿತ್ತು. ಬದಲಿಗೆ, ಆ ಪಡಸಾಲೆಯಲ್ಲಿ ಕಾದು ಕುಳಿತಿದ್ದ ಎಲ್ಲರನ್ನೂ ಕರೆದು, ಅಲ್ಲಿ ನೆಟ್ಟಗೆ ಕೂತಿದ್ದಾಳಲ್ಲ, ಅವಳು ನನ್ನ ಅಕ್ಕ ಎಂದು ಹೇಳಬೇಕೆನಿಸಿತು.

ಅನುಮತಿ ಮಂಜೂರಾಯಿತು. ಹೊಸ ವೀಸಾವನ್ನು ಮಾತ್ರ ಅವನು ತನ್ನ ದೇಶಕ್ಕೆ ಹೋಗಿ, ಅಲ್ಲಿಯೇ ಮುದ್ರೆ ಹಾಕಿಸಿಕೊಂಡು ಬರಬೇಕೆಂಬುದು ನಿಯಮ. ಒಂದು ತಿಂಗಳ ಮಾತು. ವಿಮಾನ ಹತ್ತಲು ನಗರಕ್ಕೆ ಹೊರಟ ಅವನನ್ನು ಬೀಳ್ಕೊಡಲು ನಾವು ಮೂವರೂ ರೈಲು ನಿಲ್ದಾಣಕ್ಕೆ ಹೋದೆವು. ಅಮ್ಮ ಅವನಿಗೆ ಚಕ್ಕುಲಿಯ ಡಬ್ಬಿ ಕೊಟ್ಟು, ಬೇಗ ಬಾ ಎನ್ನುವುದನ್ನು ತಾನೇ ಕಂಡುಹಿಡಿದ ಒಂದು ಸನ್ನೆಯಲ್ಲಿ ಹೇಳಿದಳು. ಅವನಿಗೆ ಅದು ತಿಳಿಯಿತು.

ಹೊರಡುವ ಗದ್ದಲದಲ್ಲಿ ಕಿಟಕಿಗಳ ತುಂಬ ಜನ ಕೂಗುತ್ತಿದ್ದರು. ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅಷ್ಟು ತಲೆಗಳ ಮೇಲಿಂದ ಅವರಿಬ್ಬರು ಮಾತ್ರ ಆರಾಮಾಗಿ ಹರಟುತ್ತಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು ಬೆರಗಾಗಿ ನೋಡಿ, "ಏನು ಮಾತಾಡ್ತಿದ್ದಾರೆ ಅವರು?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ," ಎಂದೆ. ಹಾಗೆ ಹೇಳುವುದರಲ್ಲಿ ಅಷ್ಟು ಹೆಮ್ಮೆಯಿರಬಹುದೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ.

ರೈಲು ಹೊರಟಿತು. ಕಿಟಕಿಗಳಿಂದ ಹೊರಬಂದ ಕೈಗಳೆಲ್ಲ ಬೀಸುತ್ತಿದ್ದವು. ಅವನ ಕೈಯೊಂದು ಮಾತ್ರ ಇನ್ನೂ ಒಂದು ವಾಕ್ಯದ ನಡುವಿನಲ್ಲಿತ್ತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ ರೆಪ್ಪೆ ಮುಚ್ಚದೆ ಅದನ್ನು ಓದುತ್ತಾ ನಿಂತಳು.