ಬೂದನ ಚಾಳಿ

ಹುಲಿಕುಂಟೆಯ ದೊಡ್ಡರಂಗಪ್ಪನ ಮನೆಯಲ್ಲಿ ಅರವತ್ತು ಕುರಿಗಳಿದ್ದವು. ಅವನ್ನು ಕಾಯುತ್ತಿದ್ದ ಹಳೆಯ ನಾಯಿಯನ್ನು ಯುಗಾದಿಗೆ ಮುಂಚೆ ಗುಡ್ಡದ ಚಿರತೆ ಹೊತ್ತುಕೊಂಡು ಹೋಯಿತು. ಕಂದಾಯದ ಶೇಕ್ದಾರರು ಬಂದು ಹೆಜ್ಜೆಗುರುತು ನೋಡಿ ಬರೆದುಕೊಂಡು ಹೋದರು. ಅಂದಿನಿಂದ ಮಗ ಬೈರಪ್ಪ ಒಬ್ಬನೇ ಕೋಲು ಹಿಡಿದು ಕುರಿ ಮೇಯಿಸಲು ಹೋಗುತ್ತಿದ್ದ. ಸಂಜೆ ಅವನು ಮನೆ ಸೇರುವವರೆಗೆ ಹೆಂಡತಿ ಸರಸಮ್ಮನಿಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಹಾಗಾಗಿ ಪಾವಗಡದ ಕಡೆಯ ರಾಯಚರ್ಲಿನಿಂದ ದೊಡ್ಡರಂಗಪ್ಪನ ತಂಗಿ ಒಂದು ಗಂಡು ನಾಯಿಮರಿ ಕಳಿಸಿಕೊಟ್ಟಾಗ ಎಲ್ಲರಿಗಿಂತ ಹಿಗ್ಗಿದವಳು ಅವಳೇ. ಮೂರು ತಿಂಗಳ ಮರಿ, ಬೂದಿ ಬಣ್ಣ, ದಪ್ಪ ಪಾದ. ಬೂದ ಎಂದು ಹೆಸರಾಯಿತು. ಊರು ಗೊತ್ತಿಲ್ಲದ ಮರಿ ಓಡಿಹೋದೀತೆಂದು ಅಂಗಳದಲ್ಲಿದ್ದ ಗಾಡಿಯ ಗಾಲಿಗೆ ಎರಡು ಮೊಳದ ಹಗ್ಗದಲ್ಲಿ ಕಟ್ಟಿದರು.

ವಾರ ಕಳೆಯುವುದರೊಳಗೆ ಅದರ ಚಾಳಿ ಗೊತ್ತಾಯಿತು. ತಾನು ಹೇತದ್ದನ್ನು ತಾನೇ ತಿನ್ನುತ್ತಿತ್ತು. ಮೊದಲು ಕಂಡವಳು ಸರಸಮ್ಮನ ಅತ್ತೆ ನರಸಮ್ಮ. ಆಕೆಗೆ ಆ ಹೊತ್ತಿನ ಊಟ ಸೇರಲಿಲ್ಲ. ದೊಡ್ಡರಂಗಪ್ಪ ಮಡಿವಂತನಲ್ಲದಿದ್ದರೂ ಸಗಣಿ ಸಾರಿಸಿದ ಅಂಗಳ ಅಂಗೈಯಂತೆ ಇರಬೇಕೆನ್ನುವವನು. ಮರಿ ಅಲ್ಲಿ ಗಲೀಜು ಮಾಡಿದಾಗಲೆಲ್ಲ ಹುಣಸೆ ಬರಲಿನಿಂದ ನಾಲ್ಕು ಬಿಗಿಯುತ್ತಿದ್ದ. ಈಗ ತಿಂದದ್ದಕ್ಕೂ ಬಿಗಿಯತೊಡಗಿದ. ಯಾರೋ ಹೇಳಿದರೆಂದು ನರಸಮ್ಮ ಹೇಲಿನ ಮೇಲೆ ಖಾರದ ಪುಡಿ ಉದುರಿಸಿದಳು. ಮರಿ ಸೀನಿತು, ಕಣ್ಣಲ್ಲಿ ನೀರು ಸುರಿಸಿತು, ಆಮೇಲೆ ತಿಂದಿತು.

ಒಂದು ಮಧ್ಯಾಹ್ನ ಸರಸಮ್ಮನ ಹತ್ತು ತಿಂಗಳ ಮಗಳು ಅಂಬೆಗಾಲಿಡುತ್ತ ಗಾಡಿಯ ಹತ್ತಿರ ಹೋದಳು. ಬೂದ ಬಾಲ ಅಲ್ಲಾಡಿಸಿ ಮಗುವಿನ ಮುಖ, ಬಾಯಿ ಎಲ್ಲ ನೆಕ್ಕಿತು. ನರಸಮ್ಮ ಓಡಿಬಂದು ಮಗುವನ್ನು ಎತ್ತಿಕೊಂಡು ಹಿತ್ತಲಿನಲ್ಲಿ ಮೂರು ಸಲ ತೊಳೆದಳು. ದೊಡ್ಡರಂಗಪ್ಪ ಹೊಲದಿಂದ ಬಂದು ಎಲ್ಲ ಕೇಳಿಸಿಕೊಂಡ.

"ಸಿರಾ ಸಂತೆಗೆ ಇನ್ನ ಆರು ದಿನ ಐತೆ. ಗೋಣಿಚೀಲದಾಗೆ ಹಾಕ್ಕಂಡು ಹೋಗಿ ಅಲ್ಲೇ ಬುಟ್ಟು ಬತ್ತೀನಿ," ಎಂದ.

ಮಾರನೆಯ ದಿನ ಜಗಲಿಯ ಮೇಲೆ ರಾಗಿ ಬೀಸುತ್ತ ಸರಸಮ್ಮ ಮರಿಯನ್ನೇ ನೋಡುತ್ತಿದ್ದಳು. ಬೂದ ಹೇತು, ಹಗ್ಗ ಎಳೆಯುವಷ್ಟು ದೂರ ಸರಿದು, ಆ ಕಡೆ ಮುಖ ಮಾಡಿ ಕೂತಿತು. ತಿನ್ನುವ ಯೋಚನೆಯೇ ಇದ್ದಂತಿರಲಿಲ್ಲ. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಮಾವನ ಕೆಮ್ಮು ಕೇಳಿತು. ಮರಿಯ ಕಿವಿಗಳು ತಲೆಗೆ ಅಂಟಿಕೊಂಡವು. ತಿರುಗಿ ಬಂದು ಗಬಗಬ ನುಂಗಿ, ನೆಲವನ್ನೂ ನೆಕ್ಕಿ, ಗಾಡಿಯಡಿಗೆ ನುಸುಳಿತು. ಸರಸಮ್ಮನ ಕೈ ರಾಗಿಕಲ್ಲಿನ ಮೇಲೆ ಹಾಗೇ ನಿಂತಿತು. ಮೂರು ದಿನ ನೋಡಿದಳು. ಐದು ಸಲ ಹಾಗೇ ಆಯಿತು. ಮಾವ ಊರಲ್ಲಿಲ್ಲದ ಒಂದು ದಿನ ಮಾತ್ರ ಬಹಳ ಹೊತ್ತು ಮುಟ್ಟದೆ ಇದ್ದು, ಹಸಿವು ತಾಳಲಾರದೆ ಕೊನೆಗೆ ತಿಂದಿತು.

ಪಕ್ಕದ ಮನೆಯ ಅಡವಯ್ಯ ಜೀವಮಾನವೆಲ್ಲ ಕುರಿ ಕಾದ ಮುದುಕ. ಸರಸಮ್ಮ ಅವನನ್ನು ಕರೆತಂದು ತೋರಿಸಿದಳು. ಅವನು ಮರಿಯ ವಸಡು ನೋಡಿ, ಹೊಟ್ಟೆ ಅದುಮಿದ.

"ಹೊಟ್ಟೆ ಡೊಳ್ಳು, ಬೆನ್ನೆಲ್ಲ ಮೂಳೆ. ಜಂತುಹುಳ ಐತೆ ಕಣಮ್ಮ. ದಿನಕ್ಕೆಷ್ಟು ಸಲ ಹಾಕ್ತೀರಿ?"

"ಸಂಜೆ ಒಂದ್ ಸಲ ತಾತ, ಗಂಜಿ."

"ಬೆಳಿಯೋ ಮರಿಗೆ ಮೂರು ಸಲ ಬೇಕು. ಹೊಟ್ಟೆ ಕಾಯ್ತಿರ್ತೈತೆ, ಹೇಲು ಕಾಲ ಬುಡದಾಗೇ ಬಿದ್ದಿರ್ತೈತೆ. ಇನ್ನೇನು ಮಾಡೀತು?" ಮರಿಯ ಬೆನ್ನ ಮೇಲಿನ ಬಾಸುಂಡೆ ಸವರಿ ಕೇಳಿದ, "ಹೊಡಿಯೋದು ಯಾರು?"

ಸರಸಮ್ಮ ಮಾವ ಕೂರುವ ಜಗಲಿಯ ಕಡೆ ನೋಡಿದಳು.

"ನಾನು ಹೇಳುದ್ರೆ ಜಗಳ ಆಗ್ತೈತೆ. ನೀನೇ ಹೇಳು," ಎಂದು ಅಡವಯ್ಯ ಎದ್ದುಹೋದ.

ಆ ಮನೆಗೆ ಬಂದು ಮೂರು ವರ್ಷವಾಗಿದ್ದರೂ ಸರಸಮ್ಮ ಮಾವನೆದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದ ಅತ್ತೆಯ ಮೂಲಕ ಹೇಳಿಸುತ್ತಿದ್ದಳು. ಆ ಸಂಜೆ ದೊಡ್ಡರಂಗಪ್ಪ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಸೆರಗು ಹೊದ್ದು ಹೊರಗೆ ಬಂದಳು.

"ಮಾವ, ಮರಿ ನಿಮ್ ಭಯಕ್ಕೆ ತಿಂತೈತೆ."

ಅವನು ತಲೆ ಎತ್ತಿದ. "ಅಂದ್ರೆ ನಂದೇ ತಪ್ಪು ಅಂತೀಯಾ?"

"ತಪ್ಪು ಅಂತಿಲ್ಲ. ನಿಮ್ ಕೆಮ್ಮು ಕೇಳಿದ ಕೂಡ್ಲೆ ನುಂಗ್ಬುಡ್ತೈತೆ, ಹೇತಿದ್ದು ಕಂಡ್ರೆ ಹೊಡೀತಾರೆ ಅಂತ. ಐದು ಸಲ ನೋಡಿವ್ನಿ. ಸಂತೆವರ್ಗೂ ಹೊಡೀಬ್ಯಾಡಿ. ಅಂಗಳ ನಾನು ನೋಡ್ಕಂತೀನಿ."

ದೊಡ್ಡರಂಗಪ್ಪ ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಬೀದಿಗಿಳಿದ. ಒಳಗೆ ನರಸಮ್ಮ, "ನಿನಗ್ಯಾಕೆ ಬೇಕಿತ್ತೇ," ಎಂದಷ್ಟೇ ಅಂದಳು.

ಸರಸಮ್ಮ ಹುಳಕ್ಕೆಂದು ಮುತ್ತುಗದ ಬೀಜ ಅರೆದು ಬೆಲ್ಲದಲ್ಲಿ ಉಂಡೆ ಕಟ್ಟಿ, ಅಡವಯ್ಯ ಹೇಳಿದಷ್ಟೇ ನುಂಗಿಸಿದಳು. ಮಜ್ಜಿಗೆಯಲ್ಲಿ ಮುದ್ದೆ ಕಿವುಚಿ ದಿನಕ್ಕೆ ಮೂರು ಸಲ ಇಟ್ಟಳು. ಬೆಳಿಗ್ಗೆ ಎದ್ದ ಕೂಡಲೆ, ಉಂಡ ಕೂಡಲೆ ಹಗ್ಗ ಬಿಚ್ಚಿ ತಿಪ್ಪೆಯ ಹತ್ತಿರ ಕರೆದೊಯ್ಯುತ್ತಿದ್ದಳು. ಮರಿ ಹೇತು ಮುಗಿಸುತ್ತಿದ್ದಂತೆ, "ಬೂದಾ, ಬಾ ಇಲ್ಲಿ," ಎಂದು ಕರೆದು ಒಂದು ಚೂರು ಮುದ್ದೆ ಬಾಯಿಗಿಡುವಳು. ಅದು ತಿನ್ನುವಷ್ಟರಲ್ಲಿ ಹಿಂದಿನದಕ್ಕೆ ಮಣ್ಣೆಳೆದು ಮುಚ್ಚುವಳು. ಗದರುತ್ತಿರಲಿಲ್ಲ.

ಔಷಧಿ ಕೊಟ್ಟ ಮರುದಿನ ಮರಿಗೆ ಭೇದಿಯಾಯಿತು. ತಿಪ್ಪೆಯವರೆಗೆ ತಡೆದುಕೊಳ್ಳಲಾಗದೆ ಆಗ ತಾನೇ ಸಾರಿಸಿದ ಅಂಗಳದ ನಡುವೆಯೇ ಮಾಡಿತು. ಹುಳಗಳೂ ಬಿದ್ದಿದ್ದವು. ಸರಿಯಾಗಿ ಅದೇ ಹೊತ್ತಿಗೆ ದೊಡ್ಡರಂಗಪ್ಪ ಹೊಲದಿಂದ ಬಂದು ಅಂಗಳದೊಳಗೆ ಒಂದು ಕಾಲಿಟ್ಟ. ಮರಿ ಅವನನ್ನು ನೋಡಿ ತಲೆ ತಗ್ಗಿಸಿ, ನಡುಗುತ್ತ ಅದಕ್ಕೆ ಬಾಯಿ ಹಾಕಲು ಹೋಯಿತು. ಒಂದು ಗಳಿಗೆ ಅವನು ಹಾಗೇ ನಿಂತ. ಆಮೇಲೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು, ಬೀದಿಗೆ ಹೋಗಿ ಮನೆಗೆ ಬೆನ್ನು ಹಾಕಿ ನಿಂತುಕೊಂಡ. ಸರಸಮ್ಮ ಮರಿಯನ್ನು ಪಕ್ಕಕ್ಕೆ ಕರೆದು, ಬಳಿದು, ನೀರು ಹಾಕಿ, ಸಗಣಿ ಎಳೆಯುವವರೆಗೆ ಅವನು ಬಿಸಿಲಲ್ಲೇ ಇದ್ದ.

"ಆಯ್ತಾ?" ಎಂದು ಅಲ್ಲಿಂದಲೇ ಕೇಳಿದ.

"ಆಯ್ತು, ಬನ್ನಿ ಮಾವ."

ಸಂತೆಯ ದಿನ ಅವನು ಗೋಣಿಚೀಲ ಕೇಳಲಿಲ್ಲ. ಯಾರೂ ನೆನಪಿಸಲೂ ಇಲ್ಲ.

ಚಾಳಿ ಒಮ್ಮೆಲೇ ಹೋಗಲಿಲ್ಲ. ಆ ತಿಂಗಳಲ್ಲಿ ಇನ್ನೂ ಎರಡು ಸಲ ತಿಂದಿತು. ಎರಡು ಸಲವೂ ಸರಸಮ್ಮನಿಗೆ ಹೊರಗೆ ಬರಲು ತಡವಾಗಿತ್ತು. ಆಮೇಲೆ ಬಿಟ್ಟಿತು. ಮಳೆಗಾಲಕ್ಕೆ ಮೈ ತುಂಬಿ ಬೈರಪ್ಪನ ಹಿಂದೆ ಮಂದೆಗೆ ಹೋಗತೊಡಗಿತು.

ಒಂದು ದಿನ ದೊಡ್ಡರಂಗಪ್ಪ ಊಟಕ್ಕೆ ಕೂತವನು ಹೆಂಡತಿಯ ಕಡೆ ನೋಡದೆ ಸೊಸೆಯನ್ನೇ ಕೇಳಿದ.

"ಮಂದೇಲಿ ಕುರಿ ಹಿಕ್ಕೆ ತಿಂತೈತಂತಲ್ಲಮ್ಮ ನಿನ್ನ ಬೂದ. ಅದಕ್ಕೇನು ಮಾಡಾದು?"

"ಅದನ್ನ ಎಲ್ಲಾ ನಾಯಿನೂ ತಿಂತಾವಂತೆ ಮಾವ," ಎಂದು ಸರಸಮ್ಮ ಸಾರು ಬಡಿಸಿದಳು. "ಅಡವಯ್ಯ ತಾತ ಹೇಳ್ತು."

"ಅಂಗಾದ್ರೆ ತಿನ್ಲಿ ಬುಡು," ಎಂದು ಅವನು ಮುದ್ದೆ ಮುರಿದ.