ದೌಲತರಾಯರ ಇಕ್ಕಳ

ತಲೆ ವಾಲದಂತೆ ಗೋಡೆಯ ಗೂಟಕ್ಕೆ ಬಟ್ಟೆ ಬಿಗಿದು ಕೂರಿಸಿದ್ದ ಗಂಡನ ಶವದ ಹಣೆಗೆ ವಿಭೂತಿ ಬಳಿಯುತ್ತಲೇ ಕಸ್ತೂರಿಬಾಯಿ ಆಳು ಸೈದಪ್ಪನಿಗೆ ಹೇಳಿದಳು: "ಜೇವರ್ಗಿಗಿ ಹೋಗಿ ಗುರಣ್ಣನ್ನ ಕರಕೊಂಡ ಬಾ. ಅಂವ ಬರೂ ತನಕ ಎತ್ತಂಗಿಲ್ಲ."

ನಾದಿನಿ ಗುರುಶಾಂತಮ್ಮನ ಅಳು ಥಟ್ಟನೆ ನಿಂತಿತು. "ಹುಚ್ಚ ಹಿಡದದೇನ್ರಿ ವೈನಿ? ಅಣ್ಣ ನಾಕ ವರ್ಷ ಅವನ ಮಾರಿ ನೋಡಿಲ್ಲ. ನಾ ಸತ್ತರೂ ಅವನ ಕೈಯ ಮಣ್ಣ ನನಗ ಬ್ಯಾಡ ಅಂತ ನಿಮ್ಮ ಮುಂದನೇ ಅಂದಾನ."

"ಸಿಟ್ಟಿನ್ಯಾಗ ಅಂದಾರ. ಸಣ್ಣವರಿದ್ದಾಗಿಂದ ಒಂದ ತಾಟಿನ್ಯಾಗ ಉಂಡವರು. ಹಿಂಗ ಸಿಟ್ಟ ಕಟಗೊಂಡ ಹೋಗಬಾರದು."

ಗಂಡನ ಮಾತನ್ನು ಆಕೆ ಮೀರಿದ್ದು ಅದೇ ಮೊದಲು. ಅದೂ ಆತ ಬಾಯಿ ತೆರೆಯಲಾರದ ದಿನ.

*

ಅವರ ಊರಾದ ಇಜೇರಿಯಲ್ಲಿ ಎಣ್ಣೆಕಾಳಿನ ಕುಸುಬಿ ಗಿಡ ಕೀಳುವುದೆಂದರೆ ಅಂಗೈ ತುಂಬ ಮುಳ್ಳು. ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ ನಸುಕಿನಲ್ಲೇ ಕೀಳಬೇಕು. ಬಿಸಿಲೇರಿತೋ, ಕೆಲಸ ಬಂದ್. ಹೆಂಡತಿಯ ಅಂಗೈ ನೋಡಲಾರದೆ ದೌಲತರಾಯರು ಚಳಿಗಾಲವಿಡೀ ಕಮ್ಮಾರನ ಕುಲುಮೆಯ ಮುಂದೆ ಕೂತು ಉದ್ದ ಹಿಡಿಯ ಇಕ್ಕಳವೊಂದನ್ನು ಮಾಡಿಸಿದರು. ಅದು ಗಿಡದ ಬುಡ ಕಚ್ಚಿ ಹಿಡಿಯುತ್ತಿತ್ತು. ಎಳೆದರೆ ಆಯಿತು, ಕೈಗೆ ಮುಳ್ಳು ತಾಗುತ್ತಿರಲಿಲ್ಲ. ಊರವರು ಮೊದಲು ನಕ್ಕರು, ಆಮೇಲೆ ಎರವಲು ಕೇಳಲು ಬಂದರು. ಸುಗ್ಗಿಯಲ್ಲಿ ಬಾಗಿಲಿಗೆ ಬಂದವರಿಗೆ ಇಲ್ಲವೆನ್ನುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಎಂಬತ್ಮೂರನೇ ಇಸವಿಯಲ್ಲಿ ಪುಣೆಯ ಕಂಪನಿಯೊಂದರ ಸಾಹೇಬ ಬಂದು, ಪರೀಕ್ಷೆಗೆಂದು ಒಂದು ಇಕ್ಕಳ ಒಯ್ದ. ಒಪ್ಪಿಗೆಯಾದರೆ ಕಂಪನಿಯೇ ಮಾಡಿ ಮಾರುತ್ತದೆ, ದೌಲತರಾಯರಿಗೆ ಪಾಲು ಬರುತ್ತದೆ, ಪ್ರತಿ ಇಕ್ಕಳದ ಮೇಲೂ ಅವರ ಹೆಸರಿರುತ್ತದೆ ಎಂದ. ರಾಯರಿಗೆ ಪಾಲಿಗಿಂತ ಹೆಸರೇ ಹೆಚ್ಚು ಹಿಡಿಸಿತು. ಆಮೇಲೆ ಕೆಲವು ದಿನ ಕನ್ನಡಿ ಮುಂದೆ ರುಮಾಲು ಸುತ್ತಿಕೊಳ್ಳುವುದೇ ಅವರಿಗೊಂದು ಕೆಲಸವಾಯಿತು.

ಎರಡನೇ ಸಲ ಬಂದಾಗ ಸಾಹೇಬ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, ರಾಯರ ಗೆಳೆಯ ಗುರಣ್ಣನ ಕಡೆ ತಿರುಗಿದ. ಗುರಣ್ಣನಿಗೆ ಜೇವರ್ಗಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯಿತ್ತು. "ಈ ಇಕ್ಕಳ ಊರಲ್ಲಿ ಯಾರಾದರೂ ನೋಡಿದಾರಾ?" ಎಂದು ಸಾಹೇಬ ಕೇಳಿದ.

"ನೋಡೂದೇನ್ರಿ ಸಾಹೇಬ್ರ! ಎರಡ ಸುಗ್ಗಿ ಇಡೀ ಇಜೇರಿ ಮಂದಿ ಇದರಲೇ ಕುಸುಬಿ ಕಿತ್ತಾರ. ನಮ್ಮ ದೌಲತರಾಯ ಯಾರಿಗಿ ಇಲ್ಲ ಅಂದಾನ?"

ಬಾಗಿಲ ಮರೆಯಲ್ಲಿ ಕಸ್ತೂರಿಬಾಯಿ ಹಿಗ್ಗಿದಳು. ಸಾಹೇಬ ಕಪ್ಪು ಕೆಳಗಿಟ್ಟ. ಊರೆಲ್ಲ ಬಳಸಿದ ಸಾಮಾನು ಕಾಯ್ದೆಯ ಪ್ರಕಾರ ಒಬ್ಬರ ಸ್ವಂತದ್ದಾಗುವುದಿಲ್ಲ, ಅದಕ್ಕೆ ಕಂಪನಿ ಯಾರಿಗೂ ಪಾಲು ಕೊಡಬೇಕಿಲ್ಲ ಎಂದು ಹೇಳಿ ಎದ್ದು ಹೋದ. ಮುಂದಿನ ಸುಗ್ಗಿಗೆ ಅದೇ ಇಕ್ಕಳ ನೀಲಿ ಬಣ್ಣ ಬಳಿದುಕೊಂಡು ಗುರಣ್ಣನ ಅಂಗಡಿಗೆ ಬಂತು. ಅದರ ಮೇಲೆ ಕಂಪನಿಯ ಹೆಸರಿತ್ತು.

"ಗುರಣ್ಣ ನನ್ನ ಮಾರ್ಯಾನ" ಎಂದರು ದೌಲತರಾಯರು.

"ಹೊಗಳಾಕ ಹೋಗಿ ಅಂದಾನ್ರಿ. ಅವನಿಗೇನ ಗೊತ್ತು ಪಾಪ!" ಎಂದು ಕಸ್ತೂರಿಬಾಯಿ ಆವತ್ತಿನಿಂದ ವಾದಿಸುತ್ತಲೇ ಬಂದಳು. ಕಡೆಕಡೆಗೆ ರಾಯರು ಆಕೆಯ ಎದುರು ಆ ಮಾತೆತ್ತುವುದನ್ನೇ ಬಿಟ್ಟರು.

*

ಗುರಣ್ಣ ಬಂದ ಮೇಲೆಯೇ ಹೊಲಕ್ಕೆ ಎತ್ತಿದರು. ಗುಣಿಯಲ್ಲಿ ದೌಲತರಾಯರನ್ನು ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರಿ ಸುರಿದರು. ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ಗುರಣ್ಣನೂ ಒಂದು ಹಿಡಿ ಹಾಕಿ, ಅಲ್ಲೇ ಕುಸಿದು ಅಳತೊಡಗಿದ. ಅವನ ಹಿಂದೆಯೇ ಉಳಿದವರ ಮಣ್ಣು ಬೀಳುತ್ತ ರಾಯರ ಹೆಗಲ ಮಟ್ಟಕ್ಕೆ ಬಂತು.

ಕಸ್ತೂರಿಬಾಯಿ ಅವನ ಹತ್ತಿರ ಬಂದಳು. "ಅಳಬ್ಯಾಡ ಗುರಣ್ಣಾ. ನಿನ್ನ ಮನಸಿನ್ಯಾಗ ಏನೂ ಇರಲಿಲ್ಲ. ನಾ ಎಷ್ಟ ಹೇಳಿದ್ರೂ ಅವರು ನಂಬಲಿಲ್ಲ."

ಬೈದಿದ್ದರೆ ಗುರಣ್ಣ ತಡೆದುಕೊಳ್ಳುತ್ತಿದ್ದನೇನೋ.

"ಇಲ್ರಿ ವೈನಿ, ಅಂವ ಅಂದದ್ದೇ ಖರೇ. ಸಾಹೇಬ ಹಿಂದಿನ ದಿನನೇ ನನ್ನ ಅಂಗಡಿಗಿ ಬಂದಿದ್ದ. ನಾಳಿಗಿ ಹಿಂಗ ಕೇಳ್ತೇನಿ, ಹಿಂಗ ಹೇಳು, ಇಕ್ಕಳ ಮಾರೂ ಏಜೆನ್ಸಿ ನಿನಗೇ ಅಂದ. ಹೇಳಿದೆ."

ಇಷ್ಟು ವರ್ಷ ಗಂಡನ ಮನೆಯಲ್ಲಿ ಕೂತು, ಗಂಡನ ಅನ್ನ ಉಂಡು, ಕಸ್ತೂರಿಬಾಯಿ ಇವನ ವಕೀಲಿ ಮಾಡಿದ್ದಳು.

ಮಣ್ಣು ಮಾಡಿಸುತ್ತಿದ್ದ ಜಂಗಮಯ್ಯನವರು "ತಡೀರಿ ತಾಯಿ" ಎನ್ನುವಷ್ಟರಲ್ಲಿ ಆಕೆ ಗುಣಿಯ ಅಂಚಿಗೆ ಬೋರಲು ಬಿದ್ದು, ಗಂಡನ ಹೆಗಲ ಮೇಲಿನ ಮಣ್ಣನ್ನು ಎರಡೂ ಕೈಯಿಂದ ಕೆದರಿ ಎತ್ತಿ ಹೊರಗೆ ಹಾಕತೊಡಗಿದಳು.

"ಅವಂದ ಯಾವದು? ಗುರುಶಾಂತಾ, ಅವನ ಮಣ್ಣ ಯಾವದು ಹೇಳ ಬೇ!"

ಎಲ್ಲವೂ ಒಂದೇ ಕರಿ ಮಣ್ಣು. ಆಕೆ ಒಂದು ಹಿಡಿ ತೆಗೆದರೆ, ಎದೆಯ ಭಾರಕ್ಕೆ ಅಂಚು ಕುಸಿದು ಎರಡು ಹಿಡಿ ಒಳಗೆ ಜಾರುತ್ತಿತ್ತು.